ಜೋಡಿ ತಪ್ಪಿದರೆ ಜಾಲ ಕೆಟ್ಟೀತು!

'ಸರ್ವರ್ ಡೌನ್ ಆಗಿದೆ, ನಾಳೆ ಬನ್ನಿ.'

ಬ್ಯಾಂಕಿನ ಕೌಂಟರಿನಲ್ಲಿ, ನಾಡಕಚೇರಿಯ ಕಿಟಕಿಯಲ್ಲಿ, ನ್ಯಾಯಬೆಲೆ ಅಂಗಡಿಯ ಕಟ್ಟೆಯಲ್ಲಿ ಈ ಮಾತನ್ನು ಕೇಳದವರು ಇರಲಾರರು. ಪಿಂಚಣಿ ಹಣಕ್ಕೆಂದು ದೂರದ ಹಳ್ಳಿಯಿಂದ ಬಸ್ಸು ಹತ್ತಿ ಬಂದ ಅಜ್ಜಿಗೆ ಸರ್ವರ್ ಎಂದರೇನೆಂದು ತಿಳಿಯದು. ಇಂದು ತನ್ನ ಹಣ ಸಿಗದು ಎಂಬುದಷ್ಟೇ ತಿಳಿಯುತ್ತದೆ. ಸೆರಗಿನಿಂದ ಬೆವರು ಒರೆಸಿಕೊಂಡು ಆಕೆ ಮತ್ತೆ ಬಸ್ ನಿಲ್ದಾಣದತ್ತ ಹೆಜ್ಜೆ ಹಾಕುತ್ತಾಳೆ.

ವಿಚಿತ್ರವೆಂದರೆ ಎಷ್ಟೋ ಬಾರಿ ದೂರದ ನಗರದಲ್ಲಿರುವ ಆ ಸರ್ವರ್ ನೆಟ್ಟಗೇ ಇರುತ್ತದೆ! ನಿಜವಾದ ಅಪರಾಧಿ ಇರುವುದು ಗುಮಾಸ್ತರ ಕಾಲಬುಡದಲ್ಲಿ. ಮೇಜಿನ ಕೆಳಗೆ ಧೂಳು ತಿನ್ನುತ್ತ ಬಿದ್ದಿರುವ, ಕಿರುಬೆರಳಿಗಿಂತ ತೆಳುವಾದ ಒಂದು ತಂತಿ. ಅದನ್ನು ಕುರ್ಚಿಯ ಕಾಲು ಅರೆದಿರಬಹುದು, ಇಲಿ ಕಡಿದಿರಬಹುದು. ಅಥವಾ ಅದನ್ನು ಜೋಡಿಸಿದ ದಿನವೇ ಎಂಟು ಎಳೆಗಳಲ್ಲಿ ಎರಡು ತಮ್ಮ ಜೋಡಿ ತಪ್ಪಿ ಕುಳಿತಿರಬಹುದು. ಈ ಕೊನೆಯ ತಪ್ಪು ಎಲ್ಲಕ್ಕಿಂತ ಕೆಟ್ಟದ್ದು. ಏಕೆಂದರೆ ಅದು ಕಣ್ಣಿಗೆ ಕಾಣದು, ಸಾಧಾರಣ ಪರೀಕ್ಷೆಗೂ ಸಿಗದು.

ಒಂದು ಕಟ್ಟಡದೊಳಗಿನ ಕಂಪ್ಯೂಟರುಗಳನ್ನು ಒಂದಕ್ಕೊಂದು ಬೆಸೆಯುವ ವ್ಯವಸ್ಥೆಗೆ ಸ್ಥಳೀಯ ಜಾಲ, ಚಿಕ್ಕದಾಗಿ 'ಲ್ಯಾನ್' ಎಂದು ಹೆಸರು. ಕಂಪ್ಯೂಟರುಗಳ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಅವುಗಳ ನಡುವಿನ ತಂತಿಯ ಬಗ್ಗೆ ಮಾತನಾಡುವವರು ವಿರಳ. ಆದರೆ ಆ ತಂತಿಗೂ ಅರ್ಧ ಶತಮಾನದ ಇತಿಹಾಸವಿದೆ, ಕಟ್ಟುನಿಟ್ಟಾದ ಕಾನೂನು ಪುಸ್ತಕವಿದೆ, ಅದರ ಹಿಂದೆ ಪ್ರೌಢಶಾಲೆಯ ಭೌತಶಾಸ್ತ್ರ ಪಾಠವೂ ಇದೆ.

ಸತ್ತ ಈಥರಿಗೆ ಮರುಹುಟ್ಟು

ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳು ಇಡೀ ಆಕಾಶ 'ಈಥರ್' ಎಂಬ ಅಗೋಚರ ಮಾಧ್ಯಮದಿಂದ ತುಂಬಿದೆ ಎಂದು ನಂಬಿದ್ದರು. ನೀರಿಲ್ಲದೆ ತೆರೆಯಿಲ್ಲ, ಗಾಳಿಯಿಲ್ಲದೆ ಸದ್ದಿಲ್ಲ, ಹಾಗೆಯೇ ಬೆಳಕಿನ ಅಲೆ ಸಾಗಲೂ ಏನೋ ಒಂದು ಬೇಕಲ್ಲ ಎಂಬುದು ಅವರ ತರ್ಕ. 1887ರಲ್ಲಿ ಮೈಕೆಲ್‌ಸನ್ ಮತ್ತು ಮಾರ್ಲೆ ನಡೆಸಿದ ಪ್ರಯೋಗದಲ್ಲಿ ಆ ಈಥರಿನ ಸುಳಿವೇ ಸಿಗಲಿಲ್ಲ. 1905ರಲ್ಲಿ ಐನ್‌ಸ್ಟೀನ್ ಅದರ ಅಗತ್ಯವೇ ಇಲ್ಲವೆಂದರು. ಈಥರ್ ಸತ್ತಿತು.

ಅದಕ್ಕೆ ಮರುಹುಟ್ಟು ದೊರೆತದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಪಾಲೋ ಆಲ್ಟೋ ಊರಿನಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರವಿತ್ತು. ಅಲ್ಲಿ 'ಆಲ್ಟೋ' ಎಂಬ ಮೇಜಿನ ಬದಿಯ ಕಂಪ್ಯೂಟರುಗಳೂ ಹೊಸದಾಗಿ ರೂಪುಗೊಳ್ಳುತ್ತಿದ್ದ ಲೇಸರ್ ಮುದ್ರಕವೂ ಇದ್ದವು. ಆ ಒಂದು ಮುದ್ರಕವನ್ನು ಎಲ್ಲ ಕಂಪ್ಯೂಟರುಗಳೂ ಹಂಚಿಕೊಳ್ಳುವುದು ಹೇಗೆ? ಈ ಪ್ರಶ್ನೆಗೆ ಉತ್ತರವಾಗಿ ರಾಬರ್ಟ್ ಮೆಟ್ಕಾಫ್ ಎಂಬ ಯುವ ಎಂಜಿನಿಯರ್ 1973ರ ಮೇ 22ರಂದು ಒಂದು ಟಿಪ್ಪಣಿ ಬರೆದರು. ಎಲ್ಲ ಕಂಪ್ಯೂಟರುಗಳೂ ಒಂದೇ ಕೇಬಲ್ಲಿಗೆ ಅಂಟಿಕೊಳ್ಳಲಿ. ಆ ಕೇಬಲ್ಲೇ ಅವುಗಳಿಗೆ ಈಥರ್ ಆಗಲಿ. ಹೀಗೆ ಹುಟ್ಟಿತು 'ಈಥರ್‌ನೆಟ್'. ಡೇವಿಡ್ ಬಾಗ್ಸ್ ಜತೆಗೂಡಿ ಅವರು ಕಟ್ಟಿದ ಮೊದಲ ಜಾಲದ ವೇಗ ಸೆಕೆಂಡಿಗೆ 2.94 ಮೆಗಾಬಿಟ್. ಈ ಸಾಧನೆಗಾಗಿ ಮೆಟ್ಕಾಫರಿಗೆ 2022ನೇ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಒಂದೇ ಕೇಬಲ್ಲಿನಲ್ಲಿ ಎಲ್ಲರೂ ಮಾತನಾಡಿದರೆ ಸಂತೆಯ ಗದ್ದಲವಾಗದೇ? ಇದಕ್ಕೆ ಮೆಟ್ಕಾಫರು ಹವಾಯಿ ದ್ವೀಪಗಳ ಕಡೆ ನೋಡಿದರು. ಅಲ್ಲಿ ನಾರ್ಮನ್ ಅಬ್ರಾಮ್ಸನ್ ಎಂಬ ಪ್ರಾಧ್ಯಾಪಕರ ತಂಡ ದ್ವೀಪಗಳ ನಡುವೆ ರೇಡಿಯೋ ಮೂಲಕ ಕಂಪ್ಯೂಟರ್ ಸಂದೇಶ ಕಳಿಸುವ 'ಅಲೋಹಾ' ಜಾಲವನ್ನು ನಡೆಸುತ್ತಿತ್ತು. ಈಥರ್‌ನೆಟ್ಟಿನ ನಿಯಮ ಊರ ಹಿರಿಯರ ಕಟ್ಟೆಪಂಚಾಯಿತಿಯ ನಿಯಮದಂತೆಯೇ ಇದೆ. ಮಾತನಾಡುವ ಮುನ್ನ ಇನ್ನಾರಾದರೂ ಮಾತನಾಡುತ್ತಿದ್ದಾರೆಯೇ ಎಂದು ಕಿವಿಗೊಡು. ಮೌನವಿದ್ದರೆ ಮಾತಾಡು. ಇಬ್ಬರು ಒಟ್ಟಿಗೇ ಬಾಯಿ ತೆರೆದರೆ ಇಬ್ಬರೂ ನಿಲ್ಲಿಸಿ. ಮತ್ತೆ ಯಾರು ಎಷ್ಟು ಹೊತ್ತು ಕಾಯಬೇಕೆಂಬುದನ್ನು ಚೀಟಿ ಎತ್ತಿದಂತೆ ಅದೃಷ್ಟಕ್ಕೆ ಬಿಡಿ.

ಹಳದಿ ಹಾವು, ಕಪ್ಪು ಬಳ್ಳಿ

1980ರಲ್ಲಿ ಡಿಜಿಟಲ್, ಇಂಟೆಲ್ ಮತ್ತು ಜೆರಾಕ್ಸ್ ಕಂಪನಿಗಳು ಸೇರಿ ಸೆಕೆಂಡಿಗೆ 10 ಮೆಗಾಬಿಟ್ ವೇಗದ ಈಥರ್‌ನೆಟ್ಟಿನ ನಿಯಮಗಳನ್ನು ಪ್ರಕಟಿಸಿದವು. 1983ರಲ್ಲಿ 'ಐಇಇಇ' ಎಂಬ ಎಂಜಿನಿಯರುಗಳ ಸಂಸ್ಥೆ ಅದಕ್ಕೆ 802.3 ಎಂಬ ಸಂಖ್ಯೆ ಕೊಟ್ಟು ಮಾನಕವಾಗಿ ಅಂಗೀಕರಿಸಿತು. ಆಗ ಬಳಕೆಗೆ ಬಂದ ಕೇಬಲ್ಲು ಹೆಬ್ಬೆರಳಿನಷ್ಟು ಬಿರುಸು, ಸುಮಾರು ಒಂದು ಸೆಂಟಿಮೀಟರ್ ದಪ್ಪ. ಸಾಮಾನ್ಯವಾಗಿ ಹಳದಿ ಬಣ್ಣ. ನಡುವೆ ತಾಮ್ರದ ಸರಳು, ಸುತ್ತ ನಿರೋಧಕ, ಅದರ ಸುತ್ತ ಲೋಹದ ಬಲೆ, ಹೊರಗೆ ಪ್ಲಾಸ್ಟಿಕ್ ಹೊದಿಕೆ. ಟಿ.ವಿ. ಡಿಶ್ಶಿನಿಂದ ಮನೆಗೆ ಇಳಿಯುವ ಕೇಬಲ್ಲೂ ಇದೇ ಜಾತಿಯದು. ಇದನ್ನು ಏಕಾಕ್ಷ ಕೇಬಲ್ ಎನ್ನುತ್ತಾರೆ. ತಾಂತ್ರಿಕ ಹೆಸರು 10ಬೇಸ್5. ಮೊದಲ 10 ವೇಗವನ್ನೂ ಕೊನೆಯ 5 ಐದು ನೂರು ಮೀಟರ್ ಉದ್ದವನ್ನೂ ಸೂಚಿಸುತ್ತವೆ.

ಈ ಹಳದಿ ಹಾವಿಗೆ ಕಂಪ್ಯೂಟರ್ ಜೋಡಿಸುವ ವಿಧಾನವೇ ಒಂದು ಸೋಜಿಗ. ಕೇಬಲ್ಲಿನ ಮೇಲೆ ಪ್ರತಿ ಎರಡೂವರೆ ಮೀಟರಿಗೆ ಗುರುತು ಇರುತ್ತಿತ್ತು. ಆ ಗುರುತಿನಲ್ಲಿ ಹೊದಿಕೆಯನ್ನು ಕೊರೆದು, ಮೊನಚಾದ ಹಲ್ಲನ್ನು ಒಳಗಿನ ತಾಮ್ರಕ್ಕೆ ಚುಚ್ಚಬೇಕು. ರಕ್ತ ಹೀರುವ ಪಿಶಾಚಿಯನ್ನು ನೆನೆದು ಇದಕ್ಕೆ 'ವ್ಯಾಂಪೈರ್ ಟ್ಯಾಪ್' ಎಂದೇ ಹೆಸರಿಟ್ಟಿದ್ದರು!

ಕೇಬಲ್ಲಿನ ಎರಡೂ ತುದಿಗಳಿಗೆ 50 ಓಮ್‌ನ ಒಂದೊಂದು ರೋಧಕ ಕಡ್ಡಾಯ. ಏಕೆ? ಬಾವಿಯ ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ ಇನ್ನೊಂದು ತುದಿಯನ್ನು ಒಮ್ಮೆ ಜಾಡಿಸಿ ನೋಡಿ. ಅಲೆ ಕಂಬದವರೆಗೆ ಹೋಗಿ ಮತ್ತೆ ಹಿಂದಕ್ಕೆ ಬರುತ್ತದೆ. ತಂತಿಯ ತುದಿಯಲ್ಲೂ ಹೀಗೆಯೇ; ಬಂದ ಸಂಕೇತ ಪ್ರತಿಫಲಿಸಿ ಹಿಂದಿರುಗಿ, ಹಿಂದೆ ಬರುತ್ತಿರುವ ಸಂಕೇತವನ್ನು ಕಲಸುತ್ತದೆ. ತುದಿಯ ರೋಧಕ ಅಲೆಯನ್ನು ನುಂಗಿ ಸುಮ್ಮನಾಗಿಸುತ್ತದೆ.

ಮುಂದೆ ಬಂದದ್ದು ತೆಳುವಾದ, ಅಗ್ಗವಾದ, ಹೆಚ್ಚಾಗಿ ಕಪ್ಪು ಬಣ್ಣದ 10ಬೇಸ್2 ಕೇಬಲ್. ದಪ್ಪ 5 ಮಿಲಿಮೀಟರ್, ಉದ್ದ 185 ಮೀಟರ್, ಒಂದು ತುಂಡಿನಲ್ಲಿ 30 ಕಂಪ್ಯೂಟರುಗಳಿಗೆ ಅವಕಾಶ. ಒಂದು ಯಂತ್ರದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಬಳ್ಳಿಯಂತೆ ಹಬ್ಬುತ್ತಿತ್ತು. ಅಗ್ಗವೇನೋ ಹೌದು. ಆದರೆ ದೀಪಾವಳಿಯ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬು ಕೆಟ್ಟರೆ ಇಡೀ ಸರವೇ ಆರುವಂತೆ, ಯಾರೋ ಒಬ್ಬರು ಮೇಜು ಸರಿಸುವಾಗ ಒಂದು ಜೋಡಣೆ ಕಳಚಿದರೂ ಸಾಕು, ಇಡೀ ಕೊಠಡಿಯ ಕಂಪ್ಯೂಟರುಗಳು ಮೂಕವಾಗುತ್ತಿದ್ದವು. ದೋಷ ಹುಡುಕಲು ಬಂದ ತಂತ್ರಜ್ಞ ತುದಿಯ ರೋಧಕವನ್ನು ಕೈಯಲ್ಲಿ ಹಿಡಿದು ಮೇಜಿನಿಂದ ಮೇಜಿಗೆ ತೆವಳುತ್ತ ಹೋಗಬೇಕಿತ್ತು.

ಬೆಲ್ ಸಾಹೇಬರ ಹುರಿ

ಇದಕ್ಕೆ ಪರಿಹಾರ ದೊರೆತದ್ದು ಹೊಸ ಆವಿಷ್ಕಾರದಿಂದಲ್ಲ, ನೂರು ವರ್ಷ ಹಳೆಯ ಉಪಾಯದಿಂದ. ದೂರವಾಣಿಯ ಆರಂಭದ ದಿನಗಳಲ್ಲಿ ಟೆಲಿಗ್ರಾಫ್ ತಂತಿಗಳ ಟಕಟಕ ಸದ್ದು ಪಕ್ಕದ ದೂರವಾಣಿ ತಂತಿಗೂ ನುಸುಳಿ ಕಾಡುತ್ತಿತ್ತು. 1881ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇದಕ್ಕೆ ಒಂದು ಉಪಾಯ ಕಂಡು ಸ್ವಾಮ್ಯಪತ್ರ ಪಡೆದರು: ಹೋಗುವ ಮತ್ತು ಬರುವ ಎರಡು ತಂತಿಗಳನ್ನು ಹುರಿಯಂತೆ ಒಂದಕ್ಕೊಂದು ಹೊಸೆದುಬಿಡಿ!

ಹೊಸೆದರೆ ಏನಾಗುತ್ತದೆ? ಬದಲಾಗುವ ಕಾಂತಕ್ಷೇತ್ರ ತಂತಿಯ ಸುರುಳಿಯಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆ ಎಂದು 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿದ್ದರು. ಎರಡು ತಂತಿಗಳು ಸಮಾನಾಂತರವಾಗಿ ಸಾಗಿದರೆ ಅವುಗಳ ನಡುವಿನ ಜಾಗ ಒಂದು ಉದ್ದನೆಯ ಸುರುಳಿಯಂತಾಗಿ ಹೊರಗಿನ ಗಲಭೆಯನ್ನೆಲ್ಲ ಹಿಡಿಯುತ್ತದೆ. ಹೊಸೆದಾಗ ಆ ಜಾಗ ಸಣ್ಣ ಸಣ್ಣ ಕುಣಿಕೆಗಳಾಗಿ ಒಡೆಯುತ್ತದೆ. ಒಂದು ಕುಣಿಕೆಯಲ್ಲಿ ಮೇಲಿದ್ದ ತಂತಿ ಮುಂದಿನದರಲ್ಲಿ ಕೆಳಗಿರುತ್ತದೆ. ಹೀಗಾಗಿ ಮೊದಲ ಕುಣಿಕೆಯಲ್ಲಿ ಹುಟ್ಟಿದ ಗಲಭೆಯನ್ನು ಎರಡನೆಯದು ಅಳಿಸುತ್ತದೆ, ಮೂರನೆಯದನ್ನು ನಾಲ್ಕನೆಯದು.

ಇದರೊಂದಿಗೆ ಇನ್ನೊಂದು ಜಾಣತನವೂ ಇದೆ. ಸಂಕೇತವನ್ನು ಜೋಡಿಯ ಒಂದು ತಂತಿಯಲ್ಲಿ ಧನವಾಗಿಯೂ ಇನ್ನೊಂದರಲ್ಲಿ ಋಣವಾಗಿಯೂ ಕಳಿಸುತ್ತಾರೆ. ಪಡೆಯುವ ಕಂಪ್ಯೂಟರು ಎರಡರ ವ್ಯತ್ಯಾಸವನ್ನಷ್ಟೇ ನೋಡುತ್ತದೆ. ತಕ್ಕಡಿಯ ಎರಡೂ ತಟ್ಟೆಗಳ ಮೇಲೆ ಸಮನಾಗಿ ಧೂಳು ಬಿದ್ದರೆ ಮುಳ್ಳು ಅಲ್ಲಾಡುವುದೇ? ಹಾಗೆಯೇ ಹೊಸೆದ ಜೋಡಿಯ ಎರಡೂ ತಂತಿಗಳ ಮೇಲೆ ಸಮನಾಗಿ ಬಿದ್ದ ಗಲಭೆ ಲೆಕ್ಕಕ್ಕೆ ಬಾರದು.

ಹಿಂದೆ ಟ್ರಂಕ್ ಕಾಲ್ ಮಾಡುವಾಗ ಯಾರದೋ ಮನೆಯ ಮದುವೆ ಮಾತುಕತೆ ನಮ್ಮ ಕಿವಿಗೆ ಬೀಳುತ್ತಿದ್ದುದನ್ನು ಹಿರಿಯರು ಮರೆತಿರಲಾರರು. ಒಂದು ಜೋಡಿಯ ಮಾತು ಇನ್ನೊಂದು ಜೋಡಿಗೆ ಸೋರುವ ಈ ದೋಷಕ್ಕೆ 'ಕ್ರಾಸ್ ಟಾಕ್' ಎಂದು ಹೆಸರು. ಲ್ಯಾನ್ ಕೇಬಲ್ಲಿನೊಳಗೆ ನಾಲ್ಕು ಜೋಡಿಗಳು ಒತ್ತೊತ್ತಾಗಿ ಕುಳಿತಿರುವುದರಿಂದ ಈ ಸೋರಿಕೆಯ ಭಯ ಹೆಚ್ಚು. ಅದಕ್ಕೇ ನಾಲ್ಕು ಜೋಡಿಗಳನ್ನೂ ಒಂದೇ ಪ್ರಮಾಣದಲ್ಲಿ ಹೊಸೆಯುವುದಿಲ್ಲ. ಒಂದು ಗಜ ಹಳೆಯ ಕೇಬಲ್ ಸಿಕ್ಕರೆ ಹೊದಿಕೆ ಸುಲಿದು ಮಕ್ಕಳಿಗೆ ತೋರಿಸಿ. ಒಂದು ಜೋಡಿ ಬಿಗಿಯಾದ ಜಡೆ, ಇನ್ನೊಂದು ಸಡಿಲ ಜಡೆ. ಇದು ತಯಾರಕರ ಅಚಾತುರ್ಯವಲ್ಲ, ಬೇಕೆಂದೇ ಮಾಡಿದ ಲೆಕ್ಕಾಚಾರ.

1990ರಲ್ಲಿ ಹೊಸೆದ ಜೋಡಿಯ ಮೇಲೆ 10 ಮೆಗಾಬಿಟ್ ವೇಗದ 10ಬೇಸ್-ಟಿ ಮಾನಕ ಹೊರಬಂತು. ಪ್ರತಿ ಕಂಪ್ಯೂಟರಿನಿಂದಲೂ ಒಂದೊಂದು ತಂತಿ ನಡುವಿನ ಪೆಟ್ಟಿಗೆಗೆ ಬಂದು ಸೇರುವ ನಕ್ಷತ್ರಾಕಾರದ ಜಾಲ ಅದು. ಒಂದು ತಂತಿ ಕೆಟ್ಟರೆ ಒಂದೇ ಯಂತ್ರ ಹೊರಗುಳಿಯುತ್ತದೆ. ಉಳಿದವು ತಮ್ಮ ಪಾಡಿಗೆ ಕೆಲಸ ಮಾಡುತ್ತವೆ. ಸೀರಿಯಲ್ ಸೆಟ್ಟಿನ ಕಾಟ ತಪ್ಪಿತು. ಹಳದಿ ಹಾವೂ ಕಪ್ಪು ಬಳ್ಳಿಯೂ ಕ್ರಮೇಣ ಗುಜರಿ ಸೇರಿದವು.

ದರ್ಜೆಗಳ ಏಣಿ

1980ರ ದಶಕದಲ್ಲಿ ಒಂದೊಂದು ಕಂಪ್ಯೂಟರ್ ಕಂಪನಿಗೆ ಒಂದೊಂದು ಬಗೆಯ ತಂತಿ ಬೇಕಿತ್ತು. ಕಂಪನಿ ಬದಲಿಸಿದರೆ ಗೋಡೆ ಒಡೆದು ತಂತಿಯನ್ನೂ ಬದಲಿಸಬೇಕು! ಈ ಅವ್ಯವಸ್ಥೆಗೆ ಕೊನೆ ಹಾಡಲು 1991ರಲ್ಲಿ ಅಮೆರಿಕದ ದೂರಸಂಪರ್ಕ ಹಾಗೂ ವಿದ್ಯುನ್ಮಾನ ಉದ್ದಿಮೆಗಳ ಸಂಘಗಳು '568' ಎಂಬ ಮಾನಕವನ್ನು ಪ್ರಕಟಿಸಿದವು. ಅದು ಹಲವು ಬಾರಿ ಪರಿಷ್ಕಾರಗೊಂಡು ಈಗಲೂ ಜಾರಿಯಲ್ಲಿದೆ. ಅಂತರರಾಷ್ಟ್ರೀಯ ಮಟ್ಟದಲ್ಲಿ ಅದಕ್ಕೆ ಸರಿಸಮನಾದ 11801 ಮಾನಕ 1995ರಲ್ಲಿ ಬಂತು.

ಕೇಬಲ್ಲುಗಳಿಗೆ ದರ್ಜೆ ಗೊತ್ತುಮಾಡಿದ್ದು ಈ ಮಾನಕಗಳ ದೊಡ್ಡ ಉಪಕಾರ. ಅಂಗಡಿಯವರ ಬಾಯಲ್ಲಿ 'ಕ್ಯಾಟ್' ಎಂದು ಕೇಳುವುದು ಇದೇ. ಮೂರನೆಯ ದರ್ಜೆಯ ಕೇಬಲ್ 16 ಮೆಗಾಹರ್ಟ್ಸ್ ಆವೃತ್ತಿಯವರೆಗೆ ತಾಳುತ್ತಿತ್ತು. ಐದನೆಯದು 100 ಮೆಗಾಹರ್ಟ್ಸ್. 1995ರಲ್ಲಿ 100 ಮೆಗಾಬಿಟ್ ವೇಗದ ಈಥರ್‌ನೆಟ್ ಬಂದಾಗ ಐದನೆಯ ದರ್ಜೆ ಮನೆಮಾತಾಯಿತು. 1999ರಲ್ಲಿ ಸೆಕೆಂಡಿಗೆ 1000 ಮೆಗಾಬಿಟ್ ಸಾಗಿಸುವ ವಿಧಾನ ಬಂದಿತು. ಅದು ನಾಲ್ಕೂ ಜೋಡಿಗಳನ್ನು, ಅದೂ ಎರಡೂ ದಿಕ್ಕಿನಲ್ಲಿ ಏಕಕಾಲಕ್ಕೆ ಬಳಸುತ್ತದೆ. ಅದಕ್ಕೆ ತಕ್ಕಂತೆ ಸೋರಿಕೆಯ ಪರೀಕ್ಷೆ ಬಿಗಿಗೊಳಿಸಿದ ಕ್ಯಾಟ್-5ಇ ಬಂತು. 2002ರ ಕ್ಯಾಟ್-6 ಕೇಬಲ್ 250 ಮೆಗಾಹರ್ಟ್ಸ್‌ವರೆಗೂ, 2008ರ ಕ್ಯಾಟ್-6ಎ 500 ಮೆಗಾಹರ್ಟ್ಸ್‌ವರೆಗೂ ಪರೀಕ್ಷೆಗೆ ಒಳಗಾಗುತ್ತವೆ. ಸೆಕೆಂಡಿಗೆ 10 ಗಿಗಾಬಿಟ್ ವೇಗವನ್ನು ನೂರು ಮೀಟರ್ ಒಯ್ಯಬೇಕಾದರೆ 6ಎ ಬೇಕು.

ಈ ದರ್ಜೆಗಳು ಬದಲಾದರೂ ಒಂದು ಗಡಿ ಬದಲಾಗಿಲ್ಲ. ಅದೇ 100 ಮೀಟರ್. ಗೋಡೆಯೊಳಗೆ ಸಾಗುವ ಗಟ್ಟಿ ಎಳೆಯ ಕೇಬಲ್ 90 ಮೀಟರ್, ಎರಡು ತುದಿಗಳ ಬಾಗುವ ತುಂಡು ತಂತಿಗಳೆಲ್ಲ ಸೇರಿ 10 ಮೀಟರ್. ದೂರ ಹೆಚ್ಚಿದಂತೆ ಸಂಕೇತ ಕ್ಷೀಣಿಸಿ, ನಾಲ್ಕೂ ಜೋಡಿಗಳ ನಡುವಿನ ಸೋರಿಕೆಯಲ್ಲಿ ಮುಳುಗಿಹೋಗುತ್ತದೆ. 'ಇನ್ನೊಂದಿಪ್ಪತ್ತು ಮೀಟರ್ ತಾನೆ' ಎಂದು ಎಳೆದುಬಿಡುವವರು ಮುಂದೆ ಬರುವ ತೊಂದರೆಗೆ ಅಂದೇ ಮುಂಗಡ ಕೊಟ್ಟಂತೆ.

ಎಂಟು ಬಣ್ಣ, ಎರಡು ಕ್ರಮ

ಈಗ ಬಣ್ಣಗಳ ಮಾತು. ನಾಲ್ಕು ಜೋಡಿಗಳಿಗೆ ನೀಲಿ, ಕಿತ್ತಳೆ, ಹಸಿರು, ಕಂದು ಎಂಬ ನಾಲ್ಕು ಬಣ್ಣ. ಪ್ರತಿ ಜೋಡಿಯಲ್ಲಿ ಒಂದು ಎಳೆ ಪೂರ್ತಿ ಬಣ್ಣದ್ದು, ಅದರ ಸಂಗಾತಿ ಅದೇ ಬಣ್ಣದ ಪಟ್ಟೆಯುಳ್ಳ ಬಿಳಿ. ಇವು ತುದಿಯಲ್ಲಿ ಎಂಟು ಹಲ್ಲುಗಳ ಪಾರದರ್ಶಕ ಪ್ಲಗ್ಗಿನೊಳಗೆ ಸೇರುತ್ತವೆ. ಪೇಟೆಯಲ್ಲಿ ಅದಕ್ಕೆ 'ಆರ್‌ಜೆ-45' ಎಂಬ ಹೆಸರು ನಿಂತಿದೆ.

ಪ್ಲಗ್ಗಿನ ಚಿಮ್ಮು ನಾಲಿಗೆ ಕೆಳಗಿರುವಂತೆಯೂ ತಂತಿ ತಮ್ಮ ಕಡೆಗೆ ಇರುವಂತೆಯೂ ಹಿಡಿದು ಎಡದಿಂದ ಎಣಿಸಿದರೆ ಟಿ568ಬಿ ಕ್ರಮ ಹೀಗಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಟಿ568ಎ ಕ್ರಮದಲ್ಲಿ ಕಿತ್ತಳೆ ಜೋಡಿಯೂ ಹಸಿರು ಜೋಡಿಯೂ ಸ್ಥಾನ ಅದಲುಬದಲು, ಉಳಿದದ್ದು ಹಾಗೆಯೇ. ಎರಡರಲ್ಲಿ ಯಾವುದೂ ಮೇಲಲ್ಲ, ಕೀಳಲ್ಲ. ಒಂದು ಕಟ್ಟಡದಲ್ಲಿ ಒಂದನ್ನೇ ಎಲ್ಲೆಡೆ ಪಾಲಿಸಬೇಕು, ಅಷ್ಟೇ. ಒಂದು ತುದಿ ಎ, ಇನ್ನೊಂದು ಬಿ ಆದರೆ ಅದು ಅಡ್ಡಜೋಡಣೆಯ ತಂತಿ. ಹಿಂದೆ ಎರಡು ಕಂಪ್ಯೂಟರುಗಳನ್ನು ನೇರವಾಗಿ ಬೆಸೆಯಲು ಅದು ಬೇಕಿತ್ತು. ಇಂದಿನ ಯಂತ್ರಗಳು ತಾವೇ ತಿಳಿದು ಸರಿಪಡಿಸಿಕೊಳ್ಳುತ್ತವೆ.

ಮೂರು ಮತ್ತು ಆರನೆಯ ಸ್ಥಾನಗಳಲ್ಲಿ ಹಸಿರು ಜೋಡಿ ಕಾಲು ಅಗಲಿಸಿ ನಿಂತು, ನಡುವೆ ನೀಲಿ ಜೋಡಿ ತೂರಿಕೊಂಡಿರುವುದು ಯಾರಿಗಾದರೂ ವಿಚಿತ್ರವೆನಿಸೀತು. ಇದಕ್ಕೆ ಕಾರಣ ದೂರವಾಣಿ. ದೂರವಾಣಿಯ ಪ್ಲಗ್ಗಿನಲ್ಲಿ ನಟ್ಟನಡುವಿನ ಎರಡು ಹಲ್ಲುಗಳು ಮೊದಲ ಸಾಲಿಗೆ, ಅವುಗಳ ಆಚೀಚಿನ ಎರಡು ಹಲ್ಲುಗಳು ಎರಡನೆಯ ಸಾಲಿಗೆ ಮೀಸಲು. ಆ ಹಳೆಯ ಪದ್ಧತಿ ಕೆಡದಿರಲೆಂದು ನಡುವಿನ ನಾಲ್ಕು ಮತ್ತು ಐದನೆಯ ಸ್ಥಾನ ನೀಲಿಗೆ ಹೋಯಿತು. ಮುಂದಿನ ಜೋಡಿ ಅದರ ಎರಡೂ ಬದಿಗೆ ಸರಿಯಬೇಕಾಯಿತು.

ಇಲ್ಲಿಯೇ ಇದೆ ಗುಂಡಿ!

ಒಂದು ಶಾಲೆಯ ಕಂಪ್ಯೂಟರ್ ಕೊಠಡಿಯನ್ನು ಊಹಿಸಿಕೊಳ್ಳಿ. ದಾನಿಗಳು ಕೊಟ್ಟ ಇಪ್ಪತ್ತು ಕಂಪ್ಯೂಟರುಗಳು. ತಂತಿ ಎಳೆಯಲು ಬಂದ ಹುಡುಗ ಚುರುಕು. ಆದರೆ ಈ ಬಣ್ಣದ ಕ್ರಮ ಅವನಿಗೆ ಅರ್ಥವಿಲ್ಲದ್ದೆನಿಸುತ್ತದೆ. ಕಿತ್ತಳೆ ಪಕ್ಕ ಕಿತ್ತಳೆ, ಹಸಿರ ಪಕ್ಕ ಹಸಿರು, ನೀಲಿ, ಕಂದು ಎಂದು ಅಚ್ಚುಕಟ್ಟಾಗಿ ಜೋಡಿಸುತ್ತಾನೆ. ಎರಡೂ ತುದಿಯಲ್ಲಿ ಅದೇ ಕ್ರಮ. ಕೈಯಲ್ಲಿನ ಚಿಕ್ಕ ಟೆಸ್ಟರಿಗೆ ಸಿಕ್ಕಿಸಿದರೆ ಒಂದರಿಂದ ಎಂಟರವರೆಗೆ ಎಲ್ಲ ದೀಪಗಳೂ ಸಾಲಾಗಿ ಹೊತ್ತುತ್ತವೆ. 'ಎಲ್ಲಾ ಓಕೆ ಸಾರ್' ಎಂದು ಹಣ ಪಡೆದು ಹೋಗುತ್ತಾನೆ.

ತಪ್ಪು ಎಲ್ಲಾಯಿತು? 10 ಮತ್ತು 100 ಮೆಗಾಬಿಟ್ ಈಥರ್‌ನೆಟ್ಟಿನಲ್ಲಿ ಕಂಪ್ಯೂಟರು ಒಂದು ಮತ್ತು ಎರಡನೆಯ ಎಳೆಗಳಲ್ಲಿ ಮಾತನಾಡುತ್ತದೆ. ಮೂರು ಮತ್ತು ಆರನೆಯ ಎಳೆಗಳಲ್ಲಿ ಕೇಳಿಸಿಕೊಳ್ಳುತ್ತದೆ. ಆ ಹುಡುಗನ ಕ್ರಮದಲ್ಲಿ ಮೂರನೆಯದು ಬಿಳಿ-ಹಸಿರು, ಆರನೆಯದು ನೀಲಿ. ಅವು ದಂಪತಿಗಳಲ್ಲ! ಒಂದೊಂದೂ ಬೇರೆ ಸಂಗಾತಿಯೊಂದಿಗೆ ಹೊಸೆದುಕೊಂಡಿದೆ. ಬೆಲ್ ಸಾಹೇಬರ ಹುರಿಯ ಗುಣ ಅಲ್ಲಿ ಮಾಯ. ಕಂಪ್ಯೂಟರು ತಾನು ಆಡಿದ ಮಾತಿನ ಸೋರಿಕೆಯನ್ನೇ ಕೇಳಿಸಿಕೊಂಡು ಗೊಂದಲಕ್ಕೆ ಬೀಳುತ್ತದೆ. ಟೆಸ್ಟರಿನ ದೀಪ ಹೇಳುವುದು ತಂತಿ ತುಂಡಾಗಿಲ್ಲ ಎಂಬುದನ್ನು ಮಾತ್ರ. ಯಾವ ಎಳೆ ಯಾವುದರೊಂದಿಗೆ ಹೊಸೆದಿದೆ ಎಂಬುದು ಅದಕ್ಕೆ ತಿಳಿಯದು.

ಮುಂದಿನ ಕಥೆ ಊಹಿಸುವುದು ಕಷ್ಟವಲ್ಲ. ಸಮೀಪದ ಯಂತ್ರಗಳು ಹೇಗೋ ನಡೆಯುತ್ತವೆ. ಮೂಲೆಯವು ಕೈಕೊಡುತ್ತವೆ. ಪರದೆಯ ಮೇಲೆ 'ಸಂಪರ್ಕವಿದೆ' ಎಂಬ ಚಿಹ್ನೆ ಕಾಣುತ್ತದೆ, ಕಡತ ಮಾತ್ರ ಅರ್ಧಕ್ಕೇ ನಿಲ್ಲುತ್ತದೆ. ಶಾಲೆಯವರು ವೈರಸ್ಸನ್ನು ದೂರುತ್ತಾರೆ, ಹಳೆಯ ಕಂಪ್ಯೂಟರನ್ನು ದೂರುತ್ತಾರೆ, ಇಂಟರ್‌ನೆಟ್ ಕೊಟ್ಟವರೊಂದಿಗೆ ಜಗಳವಾಡುತ್ತಾರೆ. ವಾರಕ್ಕೆರಡೇ ಸಿಗುವ ಕಂಪ್ಯೂಟರ್ ಪಿರಿಯಡ್ಡಿನಲ್ಲಿ ಮಕ್ಕಳು ಗಿರಗಿರ ತಿರುಗುವ ಚಕ್ರವನ್ನು ನೋಡುತ್ತ ಕೂರುತ್ತಾರೆ. ಕೊನೆಗೆ ಕೊಠಡಿಗೆ ಬೀಗ. ಎರಡು ಬಣ್ಣಗಳ ಸ್ಥಾನಪಲ್ಲಟಕ್ಕೆ ತೆತ್ತ ಬೆಲೆ ಇದು!

ತಾಮ್ರದ ವೇಷದ ಅಲ್ಯೂಮಿನಿಯಂ

ಜೋಡಿ ತಪ್ಪುವುದು ಅಜ್ಞಾನದ ಫಲವಾದರೆ, ಇನ್ನೊಂದು ಕೇಡು ದುರಾಸೆಯ ಫಲ. ಮಾನಕಗಳ ಪ್ರಕಾರ ಎಳೆ ಅಪ್ಪಟ ತಾಮ್ರದ್ದಾಗಿರಬೇಕು. ಆದರೆ ಪೇಟೆಯಲ್ಲಿ ಅಲ್ಯೂಮಿನಿಯಂ ಎಳೆಗೆ ತಾಮ್ರದ ತೆಳು ಲೇಪ ಕೊಟ್ಟ ಅಗ್ಗದ ಕೇಬಲ್ಲೂ ಸಿಗುತ್ತದೆ. ಮೇಲುನೋಟಕ್ಕೆ ಎರಡೂ ಒಂದೇ. ಅಲ್ಯೂಮಿನಿಯಂನ ರೋಧತೆ ತಾಮ್ರಕ್ಕಿಂತ ಸುಮಾರು 1.6 ಪಟ್ಟು ಹೆಚ್ಚು. ಬಾಗಿಸಿದರೆ ಬೇಗ ಮುರಿಯುತ್ತದೆ, ಗಾಳಿ ತಾಗಿದ ಕಡೆ ಆಕ್ಸೈಡ್ ಪದರ ಕಟ್ಟಿ ಸಂಪರ್ಕ ಕೆಡಿಸುತ್ತದೆ.

ಇದು ಬರೀ ವೇಗದ ಪ್ರಶ್ನೆಯಾಗಿ ಉಳಿದಿಲ್ಲ. ಈಗ ಕಾವಲು ಕ್ಯಾಮೆರಾ, ಮೇಜಿನ ಫೋನು, ಛಾವಣಿಯ ವೈ-ಫೈ ಪೆಟ್ಟಿಗೆಗಳಿಗೆ ವಿದ್ಯುತ್ತನ್ನೂ ಇದೇ ಕೇಬಲ್ಲಿನಲ್ಲಿ ಕಳಿಸುತ್ತಾರೆ. 2003ರ ಮಾನಕದಲ್ಲಿ ಇದರ ಮಿತಿ 15.4 ವಾಟ್, 2009ರದ್ದರಲ್ಲಿ 30 ವಾಟ್, 2018ರದ್ದರಲ್ಲಿ 90 ವಾಟ್. ವಿದ್ಯುತ್ ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು ಶಾಖ ಹುಟ್ಟುತ್ತದೆ ಎಂಬುದು ಜೌಲ್ ನಿಯಮ. ಅಂದ ಮೇಲೆ ಅಷ್ಟೇ ಪ್ರವಾಹಕ್ಕೆ ಅಲ್ಯೂಮಿನಿಯಂ ಎಳೆ ಒಂದೂವರೆ ಪಟ್ಟಿಗೂ ಹೆಚ್ಚು ಬಿಸಿಯಾಗುತ್ತದೆ. ಇಂತಹ ಹತ್ತಾರು ಕೇಬಲ್ಲುಗಳನ್ನು ಒಟ್ಟಿಗೆ ಕಟ್ಟಿ ಸುಳ್ಳು ಛಾವಣಿಯೊಳಗೆ ತುರುಕಿದರೆ ಶಾಖಕ್ಕೆ ಹೊರಹೋಗಲು ದಾರಿ ಎಲ್ಲಿ? ಪಿವಿಸಿ ಹೊದಿಕೆ ಉರಿದರೆ ಹೈಡ್ರೋಜನ್ ಕ್ಲೋರೈಡ್ ಎಂಬ ಉಸಿರುಗಟ್ಟಿಸುವ ಅನಿಲ ಹೊಮ್ಮುತ್ತದೆ. ಆಸ್ಪತ್ರೆ, ಶಾಲೆಗಳಂಥ ಜನಸಂದಣಿಯ ಕಟ್ಟಡಗಳಿಗೆ ಹೊಗೆ ಕಡಿಮೆ ಉಗುಳುವ, ಕ್ಲೋರಿನ್ನಿನಂಥ ಧಾತುಗಳಿಲ್ಲದ ಹೊದಿಕೆಯ ಕೇಬಲ್ ಬೇಕೆನ್ನುವುದು ಈ ಕಾರಣಕ್ಕೇ.

ಮೋಸ ಪತ್ತೆ ಹಚ್ಚುವುದು ಸುಲಭ. ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೂ ಕೆಂಪಾಗಿದ್ದರೆ ತಾಮ್ರ, ಬೆಳ್ಳಗೆ ಹೊಳೆದರೆ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಸಾಂದ್ರತೆ ತಾಮ್ರದ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಆದ್ದರಿಂದ 305 ಮೀಟರಿನ ಪೆಟ್ಟಿಗೆ ಎತ್ತಿದಾಗ ಹಗುರವೆನಿಸಿದರೂ ಅನುಮಾನಿಸಬೇಕು.

ತಂತಿಯ ನಡೆನುಡಿ

ಒಳ್ಳೆಯ ಕೇಬಲ್ಲನ್ನೂ ಕೆಟ್ಟ ಕೈ ಹಾಳುಮಾಡಬಲ್ಲದು. ಮಾನಕಗಳು ಹೇಳುವ ಕೆಲವು ಮಾತುಗಳನ್ನು ಮನೆ ಕಟ್ಟಿಸುವವರೂ ತಿಳಿದಿರುವುದು ಒಳಿತು.

ತುದಿಯಲ್ಲಿ ಜೋಡಿಯ ಹುರಿಯನ್ನು 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಕೂಡದು. ಕೇಬಲ್ಲನ್ನು ಬಾಗಿಸುವಾಗ ತಿರುವಿನ ತ್ರಿಜ್ಯ ಅದರ ದಪ್ಪದ ನಾಲ್ಕು ಪಟ್ಟಿಗಿಂತ ಕಡಿಮೆಯಾಗಬಾರದು. ಕೊಳವೆಯೊಳಗೆ ಎಳೆಯುವಾಗ ಸುಮಾರು 11 ಕಿಲೋ ತೂಕಕ್ಕಿಂತ ಹೆಚ್ಚು ಬಲ ಹಾಕಬಾರದು. ಜಗ್ಗಿದರೆ ಹುರಿ ಹಿಗ್ಗಿ ಅದರ ಲೆಕ್ಕ ತಪ್ಪುತ್ತದೆ. ಪ್ಲಾಸ್ಟಿಕ್ ಪಟ್ಟಿಯಿಂದ ಕತ್ತು ಹಿಸುಕಿದಂತೆ ಬಿಗಿಯಬಾರದು. 230 ವೋಲ್ಟಿನ ವಿದ್ಯುತ್ ತಂತಿ ಇರುವ ಕೊಳವೆಯಲ್ಲಿ ಇದನ್ನು ಎಂದೂ ತೂರಿಸಬಾರದು. ಗಲಭೆಗಿಂತಲೂ ಇಲ್ಲಿ ಪ್ರಾಣದ ಪ್ರಶ್ನೆ ದೊಡ್ಡದು. ಎರಡೂ ತುದಿಗೆ ಒಂದೇ ಸಂಖ್ಯೆಯ ಚೀಟಿ ಅಂಟಿಸಬೇಕು. ಐದು ವರ್ಷದ ಮೇಲೆ ಬರುವ ರಿಪೇರಿಯವನು ಕೈಮುಗಿದಾನು.

ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬಯಲಲ್ಲಿ ತಾಮ್ರದ ತಂತಿ ಎಳೆಯುವುದು ನಮ್ಮ ನಾಡಿನಲ್ಲಂತೂ ಅಪಾಯ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರದಲ್ಲೆಲ್ಲೋ ಸಿಡಿಲು ಬಡಿದರೂ ಆ ತಂತಿಯಲ್ಲಿ ಪ್ರೇರಿತವಾದ ವಿದ್ಯುತ್ತು ಎರಡೂ ಕಡೆಯ ಯಂತ್ರಗಳನ್ನು ಸುಡಬಲ್ಲದು. ಇಲ್ಲಿ ಗಾಜಿನ ಎಳೆಯೇ ಸರಿ. ಅದು ವಿದ್ಯುತ್ತನ್ನು ಒಯ್ಯುವುದಿಲ್ಲ, ಬೆಳಕನ್ನು ಮಾತ್ರ ಒಯ್ಯುತ್ತದೆ. 1966ರಲ್ಲಿ ಚಾರ್ಲ್ಸ್ ಕಾವ್ ಅದರ ಸಾಧ್ಯತೆಯನ್ನು ತೋರಿಸಿದರು; 1970ರಲ್ಲಿ ಕಾರ್ನಿಂಗ್ ಕಂಪನಿ ಬಳಸಲು ಯೋಗ್ಯವಾದ ಎಳೆಯನ್ನು ತಯಾರಿಸಿತು; 2009ರಲ್ಲಿ ಕಾವ್ ಅವರಿಗೆ ನೊಬೆಲ್ ಬಂತು. ಕಟ್ಟಡಗಳೊಳಗೆ 50 ಅಥವಾ 62.5 ಮೈಕ್ರಾನ್ ತಿರುಳಿನ ಎಳೆ ಸಾಕು. ದೂರದ ದಾರಿಗೆ ಸುಮಾರು 9 ಮೈಕ್ರಾನ್ ತಿರುಳಿನದು ಬೇಕು.

ಇಂದು ಗ್ರಾಮ ಪಂಚಾಯಿತಿಗಳ ತನಕ ಗಾಜಿನ ಎಳೆ ಒಯ್ಯುವ ಭಾರತ್‌ನೆಟ್ ಯೋಜನೆ ಇದೆ. ಆದರೆ ಅದು ಬಾಗಿಲವರೆಗೆ ಬಂದು ನಿಂತ ಮೇಲೆ ಗುಮಾಸ್ತರ ಮೇಜಿನವರೆಗಿನ ಹತ್ತಿಪ್ಪತ್ತು ಮೀಟರ್ ದಾರಿ ತಾಮ್ರದ್ದೇ. 'ಈಗೆಲ್ಲ ವೈ-ಫೈ ಅಲ್ಲವೇ, ತಂತಿ ಏಕೆ?' ಎನ್ನುವವರು ಆ ವೈ-ಫೈ ಪೆಟ್ಟಿಗೆಯ ಬೆನ್ನನ್ನೊಮ್ಮೆ ನೋಡಬೇಕು. ಅಲ್ಲಿಯೂ ಎಂಟು ಎಳೆಯ ಅದೇ ತಂತಿ ನೇತಾಡುತ್ತಿರುತ್ತದೆ!

ಸಹಿ ಹಾಕುವವರಾರು?

ಕಟ್ಟಡದ ವಿದ್ಯುತ್ ವೈರಿಂಗ್‌ಗೆ ಪರವಾನಗಿ ಪಡೆದ ಗುತ್ತಿಗೆದಾರನ ಸಹಿ ಇಲ್ಲದೆ ಸಂಪರ್ಕ ಸಿಗದು. ಜಾಲದ ತಂತಿಗೆ ಅಂಥ ಸಹಿ ಕೇಳುವವರಿಲ್ಲ. ಆದ್ದರಿಂದ ಕೇಳುವ ಹೊಣೆ ಹಣ ಕೊಡುವವರದೇ. ಕೆಲಸ ಮುಗಿದಾಗ ದೀಪ ಹೊತ್ತಿಸುವ ಟೆಸ್ಟರಿನಿಂದ ತೃಪ್ತರಾಗಬಾರದು. ಪ್ರತಿ ತಂತಿಯ ಉದ್ದ, ಸಂಕೇತದ ಕ್ಷೀಣತೆ, ಜೋಡಿಗಳ ನಡುವಿನ ಸೋರಿಕೆ ಎಲ್ಲವನ್ನೂ ಅಳೆದು ಆಯಾ ದರ್ಜೆಗೆ ತೇರ್ಗಡೆಯಾಯಿತೇ ಇಲ್ಲವೇ ಎಂದು ಅಚ್ಚು ಹಾಕಿ ಕೊಡುವ ಉಪಕರಣಗಳಿವೆ. ಜೋಡಿ ತಪ್ಪಿದ್ದರೆ ಅವು ಕ್ಷಣದಲ್ಲಿ ಹಿಡಿಯುತ್ತವೆ. ಆ ಕಾಗದ ಕೈಗೆ ಬಂದ ಮೇಲೆಯೇ ಬಿಲ್ಲು ಪಾವತಿಯಾಗಲಿ. ಶಾಲಾಭಿವೃದ್ಧಿ ಸಮಿತಿಯವರೂ ಪಂಚಾಯಿತಿ ಸದಸ್ಯರೂ ಸಹಕಾರಿ ಬ್ಯಾಂಕಿನ ನಿರ್ದೇಶಕರೂ ಇಷ್ಟು ಕೇಳಲು ಎಂಜಿನಿಯರಿಂಗ್ ಓದಿರಬೇಕಿಲ್ಲ.

ಕಂಪ್ಯೂಟರುಗಳು ಐದಾರು ವರ್ಷಕ್ಕೆ ಬದಲಾಗುತ್ತವೆ. ಗೋಡೆಯೊಳಗಿನ ತಂತಿ ದಶಕಗಟ್ಟಲೆ ಅಲ್ಲೇ ಇರುತ್ತದೆ. ಮನೆಯ ಪಾಯ ಹಾಕುವಾಗ ತೋರುವ ಎಚ್ಚರವನ್ನು ಅದಕ್ಕೂ ತೋರಬೇಕಾದದ್ದು ನ್ಯಾಯ. ಮುಂದಿನ ಬಾರಿ 'ಸರ್ವರ್ ಡೌನ್' ಎಂಬ ಮಾತು ಕಿವಿಗೆ ಬಿದ್ದಾಗ ಮೇಜಿನ ಕೆಳಗೊಮ್ಮೆ ಇಣುಕಿ ನೋಡುವ ಗುಮಾಸ್ತರೊಬ್ಬರು ಇದ್ದರೆ ಸಾಕು, ಅಜ್ಜಿ ಅಂದೇ ಪಿಂಚಣಿ ಪಡೆದು ಸಂಜೆಯ ಬಸ್ಸಿಗೆ ಊರು ಸೇರಿಯಾಳು.